ಮೂರನೇ ಮುಖಕ್ಕೆ ಬರುವ ಮಗ

ಶಿಕಾರಿಪುರದ ಅಮೀರ್ ಜಾನನ ಮೈಕ್ ಸೆಟ್ಟಿಗೆ ಎರಡು ಹಾರ್ನುಗಳಿದ್ದವು. ಒಂದನ್ನು ಮದುವೆ ಮನೆಯ ಮುಂದೆ ಕಟ್ಟಿ ಊದಿಸಿದರೆ ಶಿರಾಳಕೊಪ್ಪದ ಎಮ್ಮೆಗಳು ಹಾಲು ಕರೆಯುವುದರೊಳಗೆ ಮೊಸರು ಕೊಡುತ್ತಿದ್ದವು. ಎರಡನ್ನೂ ಕಟ್ಟಿದರೆ ಮದುಮಕ್ಕಳಿಗೆ ಒಬ್ಬರ ಹೆಸರು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಹೆಸರು ಸರಿಯಾಗಿ ಗೊತ್ತಾಗುವ ಹೊತ್ತಿಗೆ ಮೂರು ಮಕ್ಕಳಾಗಿರುತ್ತಿದ್ದವು. ಇಷ್ಟು ಗದ್ದಲ ಮಾರುವ ಮನುಷ್ಯ ತಾನು ಮಾತಾಡುವಾಗ ಮಾತ್ರ ಎದುರಿನವರು ಬಗ್ಗಿ ಕೇಳಬೇಕು, ಅಷ್ಟು ಮೆತ್ತಗೆ.

ಅವನಪ್ಪ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ಮಗ ಉರ್ದು ಶಾಲೆಯಲ್ಲಿ ನಾಲ್ಕು ವರ್ಷ ಕೂತು, ಅಪ್ಪನ ತವರದ ಕಡ್ಡಿ ಹಿಡಿದು ಎದ್ದ. ಪಾತ್ರೆಗೆ ಹತ್ತುವ ತವರ ರೇಡಿಯೋದ ತಂತಿಗೂ ಹತ್ತುತ್ತದೆ ಎಂದು ಒಂದು ದಿನ ಕಂಡುಕೊಂಡವನು ಮತ್ತೆ ಪಾತ್ರೆ ಮುಟ್ಟಲಿಲ್ಲ. ಸತ್ತ ರೇಡಿಯೋ ಅವನ ಅಂಗಡಿಯ ಹೊಸ್ತಿಲು ದಾಟುವಾಗಲೇ ಭಯಕ್ಕೆ ಕೆಮ್ಮಲು ಶುರುಮಾಡುತ್ತಿತ್ತು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದುದು ಫ್ಯೂಸ್, ವಾಲ್ವ್, ವೋಲ್ಟ್ ಎಂಬ ಮೂರೇ ಮಾತು. ಆ ಮೂರರಲ್ಲಿ ಅವನು ಇಡೀ ತಾಲೂಕನ್ನು ಬೈಯಬಲ್ಲವನಾಗಿದ್ದ.

ಇಂಥವನು ರಾಕ್ ಸಂಗೀತದ ಭಕ್ತನಾದದ್ದು ಉಣುಗಿನ ದಯೆಯಿಂದ. ಆಗ ಸೊರಬದ ಕಡೆ ಕ್ಯಾಸನೂರಿನ ಕಾಡಿಗೆ, ಮಂಗನ ಕಾಯಿಲೆ ಹಚ್ಚುವ ಉಣುಗುಗಳನ್ನು ಎಣಿಸಲೆಂದು ಒಬ್ಬ ಬಿಳಿಯ ಹುಡುಗ ಬಂದು ಕೂತಿದ್ದ. ಜನ ಅವನನ್ನು ಉಣುಗಿನ ದೊರೆ ಎಂದೇ ಕರೆಯುತ್ತಿದ್ದರು. ಅವನಲ್ಲಿ ಸೆಲ್ಲು ಹಾಕಿದರೆ ತಿರುಗುವ ರೆಕಾರ್ಡ್ ಪ್ಲೇಯರ್ ಇತ್ತು. ಮಳೆಗಾಲದ ತೇವಕ್ಕೆ ಅದರ ಕರುಳು ಬೂಷ್ಟು ಹಿಡಿದಾಗ ಅಮೀರ್ ಜಾನ್ ಬಸ್ಸು ಹತ್ತಿ ಹೋಗಿ ರಿಪೇರಿ ಮಾಡಿಕೊಟ್ಟ. ಎಪ್ಪತ್ತನೇ ಇಸವಿಯಲ್ಲಿ ಊರಿಗೆ ಹೊರಟ ದೊರೆ ಆ ಪ್ಲೇಯರನ್ನೂ, ಅದರ ಜೊತೆ ಎರಡು ತಟ್ಟೆಗಳಿದ್ದ ಒಂದು ದೊಡ್ಡ ರೆಕಾರ್ಡ್ ಕಟ್ಟನ್ನೂ ಅವನ ಕೈಗಿಟ್ಟು, ಎರಡೂ ಕೆನ್ನೆಗೆ ಮುತ್ತು ಕೊಟ್ಟು ಹೋದ. ಆ ಮುತ್ತಿನ ಸುದ್ದಿ ಅಮೀರ್ ಜಾನನಿಗಿಂತ ಮೊದಲು ಮನೆ ಮುಟ್ಟಿ, ಹೆಂಡತಿ ಕುಬ್ರಾ ಬೀ ಒಂದು ವಾರ ಅವನ ಮುಖಕ್ಕೆ ಸೀಗೆಪುಡಿ ಹಚ್ಚಿ ತೊಳೆಸಿದಳು.

ಎರಡು ತಟ್ಟೆ ಎಂದರೆ ನಾಲ್ಕು ಮುಖ. ಪ್ರತಿ ಮುಖದ ನಡುವೆ ಅಕ್ಷರವಿಲ್ಲದ ಒಂದೊಂದು ಚಿತ್ರ: ಗಂಟೆ, ಫಿರಂಗಿ, ಡೋಲು, ತೊಟ್ಟಿಲು. ಕಟ್ಟಿನೊಳಗೆ ಒಂದು ಪುಸ್ತಕ. ಅದರಲ್ಲೂ ಅವೇ ನಾಲ್ಕು ಚಿತ್ರ, ಪಕ್ಕದಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್. ಅಮೀರ್ ಜಾನ್ ಕೈ ಒರೆಸಿಕೊಂಡು ಪುಸ್ತಕ ತೆರೆದ. ಉರ್ದು ಕಲಿತವನು ಪುಸ್ತಕ ತೆರೆಯುವಂತೆ, ಬಲಗಡೆಯಿಂದ. ಮೊದಲು ಗಂಟೆ ಬಂತು, ಆಮೇಲೆ ಫಿರಂಗಿ, ಆಮೇಲೆ ಡೋಲು, ಕಡೆಗೆ ತೊಟ್ಟಿಲು. ಅದೇ ಕ್ರಮದಲ್ಲಿ ನುಡಿಸಿದ.

ಕಥೆ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಗಂಟೆ ಬಾರಿಸುತ್ತದೆ, ಒಬ್ಬ ತಾಯಿ ಗೋಳಾಡುತ್ತಾಳೆ: ಮಗ ಸತ್ತನೆಂದು ಸುಳ್ಳು ಸುದ್ದಿ ಬಂದಿದೆ. ಎರಡನೇ ಮುಖದಲ್ಲಿ ಫಿರಂಗಿ; ಮಗ ಯುದ್ಧದಲ್ಲಿ ಇನ್ನೂ ಬದುಕಿ ಬಡಿದಾಡುತ್ತಿದ್ದಾನೆ. ಮೂರನೇ ಮುಖಕ್ಕೆ ಊರಿಗೆ ಬರುತ್ತಾನೆ, ಡೋಲು, ಕುಣಿತ, ಮದುವೆ. ನಾಲ್ಕನೆಯದರಲ್ಲಿ ತೊಟ್ಟಿಲು ತೂಗುವ ಹಾಡು, ಎಲ್ಲ ಮುಗಿದ ಮೇಲೆ ಒಂದು ಕೂಸು ಕಿಲಕಿಲ ನಗುತ್ತದೆ. ಆ ನಗು ಬಂದಾಗ ಅಮೀರ್ ಜಾನ್ ಬೆಸುಗೆ ಕಡ್ಡಿ ಕೆಳಗಿಟ್ಟುಬಿಡುತ್ತಿದ್ದ. ಎಂಟು ವರ್ಷ ಕೇಳಿದ. ಎಷ್ಟು ಕೇಳಿದನೆಂದರೆ ಅಂಗಡಿಯ ಗೋಡೆಯ ಹಲ್ಲಿಗಳು ಲೊಚಗುಟ್ಟುವುದನ್ನು ಬಿಟ್ಟು ಗಿಟಾರು ಮೀಟಲು ಕಲಿತಿದ್ದವು. ಇಂಗ್ಲಿಷ್ ಬಲ್ಲ ನಾಲ್ಕಾರು ಜನ ಕೇಳಿ, ಪುಸ್ತಕ ಮುಟ್ಟಿಯೂ ನೋಡದೆ, ಆ ಕಿರುಚಾಟ ಇಂಗ್ಲಿಷೇ ಅಲ್ಲವೆಂದು ತೀರ್ಪು ಕೊಟ್ಟು ಹೋಗಿದ್ದರು. ಹೀಗಾಗಿ ಕಥೆಯ ಮೇಲೆ ಅಮೀರ್ ಜಾನನೊಬ್ಬನದೇ ಹಕ್ಕು.

ಆ ಹಕ್ಕಿಗೆ ಒಬ್ಬ ಪಾಲುಗಾರ್ತಿ ಬಂದಳು. ಉಡುತಡಿಯ ದುರ್ಗಮ್ಮ, ಸಂತೆಗೆ ಹೀರೆಕಾಯಿ ಬೆಂಡೆಕಾಯಿ ತರುವವಳು. ಅವಳ ಒಬ್ಬನೇ ಮಗ ಕೆಂಪಪ್ಪ ಮಿಲಿಟರಿ ಸೇರಿದ್ದ. ಎಪ್ಪತ್ತೊಂದರ ಯುದ್ಧ ಮುಗಿದು ಒಂದು ತಿಂಗಳಿಗೆ ಅವಳ ಕೈಗೆ ಇಂಗ್ಲಿಷಿನ ಕಾಗದವೊಂದು ಬಂತು. ಮಗ ಕಾಣೆಯಾಗಿದ್ದಾನೆ ಎಂದು ಪೋಸ್ಟಿನವರು ಓದಿ ಹೇಳಿದ್ದರು. ನಂಬದೆ, ಸಂತೆಯ ದಿನ ಬುಟ್ಟಿ ಹೊತ್ತುಕೊಂಡೇ ಇನ್ನೊಬ್ಬರಿಂದ ಓದಿಸಲು ಹೊರಟಿದ್ದವಳು ರೇಡಿಯೋ ಅಂಗಡಿಯ ಮುಂದೆ ನಿಂತಳು. ಒಳಗೆ ಗಂಟೆಯ ಮುಖ ತಿರುಗುತ್ತಿತ್ತು.

"ಆಕಿ ಯಾಕೆ ಅಳಾಕ್ಹತ್ಯಾಳ?" ಎಂದು ಕೇಳಿದಳು.

ಅಮೀರ್ ಜಾನ್ ಕಥೆ ಹೇಳಿದ. ಅವಳು ಬುಟ್ಟಿ ಇಳಿಸಿ, ಕಾಗದದ ಸಂಗತಿ ತಿಳಿಸಿ, ಕೂತು ನಾಲ್ಕೂ ಮುಖ ಕೇಳಿದಳು. ಏಳುವಾಗ ಇನ್ನೊಂದೇ ಪ್ರಶ್ನೆ: "ಮಗ ಖರೇ ಬರ್ತಾನ?"

"ಮೂರನೇ ಮುಖಕ್ಕೆ ಬರ್ತಾನೆ ಅವ್ವಾ," ಎಂದ ಅಮೀರ್ ಜಾನ್.

ಅಂದಿನಿಂದ ಆರು ವರ್ಷ, ಸಂತೆ ತಪ್ಪಿದರೂ ದುರ್ಗಮ್ಮ ತಪ್ಪಲಿಲ್ಲ. ಕಾಗದದ ಮಾತು ಮತ್ತೆ ಎತ್ತಲಿಲ್ಲ. ಬರುತ್ತಿದ್ದಳು, ಎರಡು ಹೀರೆಕಾಯಿ ಮೇಜಿನ ಮೇಲಿಡುತ್ತಿದ್ದಳು, ಕೇಳುತ್ತಿದ್ದಳು, ಹೋಗುತ್ತಿದ್ದಳು. ಕುಬ್ರಾ ಬೀ ಹೀರೆಕಾಯಿಯಲ್ಲಿ ಮಾಡದ ಅಡುಗೆ ಉಳಿದಿರಲಿಲ್ಲ. ಒಮ್ಮೆ ಖೀರು ಕೂಡ ಮಾಡಿದಳಂತೆ.

ಎಪ್ಪತ್ತೆಂಟರಲ್ಲಿ ಸೊರಬಕ್ಕೆ ಮಲ್ಲಿಕಾರ್ಜುನಪ್ಪ ಎಂಬ ಹೊಸ ಇಂಗ್ಲಿಷ್ ಮೇಷ್ಟ್ರು ಬಂದರು. ಶಿಕಾರಿಪುರಕ್ಕೆ ಟ್ರಾನ್ಸಿಸ್ಟರ್ ರಿಪೇರಿಗೆ ಬಂದವರು ಮೇಜಿನ ಮೇಲಿದ್ದ ಆ ಪುಸ್ತಕ ನೋಡಿ ಕುರ್ಚಿಯಿಂದ ಎದ್ದೇ ನಿಂತರು. ಇದನ್ನು ಕನ್ನಡದಲ್ಲಿ ಸಂಗೀತ ನಾಟಕ ಮಾಡಬೇಕು, ರಾಕ್ ಸಂಗೀತದ ನಾಟಕ, ರಾಜಧಾನಿಯವರೂ ಮಾಡಿರಲಿಕ್ಕಿಲ್ಲ ಎಂದರು. ಪುಸ್ತಕ ಒಯ್ದರು. ಒಂದು ತಿಂಗಳಲ್ಲಿ ಹಾಡು ಬರೆದು, ಊರವರನ್ನು ಕೂಡಿಸಿ, ತಾಲೀಮು ಮಾಡಿಸಿದರು. ಹಾರ್ಮೋನಿಯಂ ಎಷ್ಟು ಒತ್ತಿದರೂ ಗಿಟಾರಿನ ಸದ್ದು ಬರುವುದಿಲ್ಲವಾದ್ದರಿಂದ, ಪ್ರತಿ ಅಂಕದ ಶುರುವಿಗೆ ಅಸಲು ರೆಕಾರ್ಡನ್ನೇ ನುಡಿಸುವುದು, ಅದನ್ನು ಕೇಳಿ ಪಾತ್ರಧಾರಿಗಳು ಏಳುವುದು ಎಂದು ಗೊತ್ತಾಯಿತು. ನುಡಿಸುವವನು ಅಮೀರ್ ಜಾನ್. ಮದುವೆ ಸುಗ್ಗಿಯಾದ್ದರಿಂದ ತಾಲೀಮಿಗೆ ಒಂದು ದಿನವೂ ಅವನು ಹೋಗಲಾಗಲಿಲ್ಲ. ಹೋಗುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಕಥೆ ಅವನಿಗೆ ಗೊತ್ತಿಲ್ಲವೇ?

ಅವನು ಮಾಡಿದ ಕೆಲಸವೆಂದರೆ, ಶಿಕಾರಿಪುರದಲ್ಲೆಲ್ಲ ಡಂಗುರ ಹೊಡೆದದ್ದು. ಪೇಟೆಯ ಅರ್ಧ ಜನ ಸೊರಬದ ಬಸ್ಸು ಹತ್ತಿದರು. ಬಸ್ಸಿನ ಮೇಲೆ ಎಷ್ಟು ಜನ ಕೂತಿದ್ದರೆಂದರೆ ಒಳಗಿದ್ದವರು ತಾವು ನೆಲಮಾಳಿಗೆಯಲ್ಲಿದ್ದೇವೆ ಎಂದುಕೊಂಡಿದ್ದರು. ದಾರಿಯ ಶಿರಾಳಕೊಪ್ಪದಲ್ಲಿ, ಉಡುತಡಿಯಿಂದ ಬಂದು ಕಾಯುತ್ತಿದ್ದ ದುರ್ಗಮ್ಮ ಹತ್ತಿದಳು. ಹೊಸ ಇಳಕಲ್ ಸೀರೆ, ಮಡಿಲಲ್ಲಿ ಒಂದು ಸಣ್ಣ ಗಂಟು. ಗಂಟಿನಲ್ಲೇನೆಂದು ಅಮೀರ್ ಜಾನ್ ಕೇಳಿದ. ಕೂಸಿಗೆ ಕುಲಾವಿ, ಎಂದಳು. ತೊಟ್ಟಿಲಿನ ಹೊತ್ತಿಗೆ ಕೊಡುವುದಂತೆ, ಕೂಸನ್ನು ಬರಿಗೈಯಲ್ಲಿ ನೋಡಿ ಎದ್ದು ಬರಬಾರದಂತೆ.

ಕರೆಂಟಿನ ಮೇಲೆ ಭರವಸೆ ಇಲ್ಲದ್ದರಿಂದ ನಾಟಕ ಹಗಲು ಮೂರು ಗಂಟೆಗೆ, ಒಂದು ಹಳೆಯ ಅಕ್ಕಿ ಗಿರಣಿಯ ಷೆಡ್ಡಿನಲ್ಲಿ. ಅಮೀರ್ ಜಾನ್ ರಂಗದ ಪಕ್ಕದಲ್ಲಿ ಲಾರಿ ಬ್ಯಾಟರಿ ಇಟ್ಟು ತಂತಿ ಜೋಡಿಸುತ್ತಿದ್ದಾಗ ಮೇಷ್ಟ್ರು ಬಂದು ಒಂದು ಚೀಟಿ ಕೊಟ್ಟರು. ಅವನಿಗೆ ಓದಲು ಅನುಕೂಲವಾಗಲೆಂದು ಚಿತ್ರವನ್ನೇ ಬರೆದಿದ್ದರು, ಮೇಲಿನಿಂದ ಕೆಳಕ್ಕೆ. ತೊಟ್ಟಿಲು. ಡೋಲು. ಫಿರಂಗಿ. ಗಂಟೆ.

ಅಮೀರ್ ಜಾನ್ ನಕ್ಕ. "ಮೇಷ್ಟ್ರೇ, ಚೀಟಿ ಉಲ್ಟಾ ಬರ್ದೀರಿ."

"ಉಲ್ಟಾ ಯಾಕ್ರೀ? ಪುಸ್ತಕದಲ್ಲಿ ಇದ್ದ ಹಾಗೇ ಐತಲ್ಲ," ಎಂದು ಮೇಷ್ಟ್ರು ಪುಸ್ತಕ ತೆಗೆದು ತೋರಿಸಿದರು. ಎಡಗಡೆಯಿಂದ.

ಅಮೀರ್ ಜಾನ್ ಆ ಪುಸ್ತಕವನ್ನು ಎಂಟು ವರ್ಷ ನೋಡಿದ್ದ, ಆ ಬಾಗಿಲಿನಿಂದ ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಮೇಷ್ಟ್ರು ಅವಸರದಲ್ಲಿ ಕಥೆ ಹೇಳಿದರು: ಕೂಸು ಹುಟ್ಟುತ್ತದೆ, ಬೆಳೆದು ಮದುವೆಯಾಗುತ್ತದೆ, ಯುದ್ಧಕ್ಕೆ ಹೋಗುತ್ತದೆ, ಸಾಯುತ್ತದೆ. ಕಡೆಗೆ ತಾಯಿ ಒಬ್ಬಳೇ ನಿಂತಿರುವಾಗ ಗಂಟೆ. ಪರದೆ. ದೊಡ್ಡ ದುರಂತ ಎಂದರು ಮೇಷ್ಟ್ರು, ಪೇಡಾ ತಿಂದವರ ಹಾಗೆ.

ಲಾರಿ ಬ್ಯಾಟರಿಯ ಎರಡೂ ತುದಿ ಒಟ್ಟಿಗೆ ಮುಟ್ಟಿದ್ದರೂ ಅಮೀರ್ ಜಾನ್ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ. ಪರದೆಯ ಸಂದಿಯಿಂದ ನೋಡಿದ. ಮೊದಲ ಸಾಲಿನ ಚಾಪೆಯ ನಟ್ಟನಡುವೆ ದುರ್ಗಮ್ಮ, ಮಡಿಲ ಗಂಟಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು. ಸುಳ್ಳು ಹೇಳಿದ್ದು ತಾನು. ಒಂದಲ್ಲ ಎರಡಲ್ಲ, ವಾರಕ್ಕೊಂದರಂತೆ ಆರು ವರ್ಷದ ಸುಳ್ಳು. ಇನ್ನೆರಡು ತಾಸಿನಲ್ಲಿ, ಶಿಕಾರಿಪುರದ ಅರ್ಧ ಪೇಟೆಯ ಎದುರಿಗೆ, ಅವಳ ಮಗ ಸಾಯುತ್ತಾನೆ. ಸಾಯುವ ಗಂಟೆಯನ್ನು ಬಾರಿಸುವವನೂ ತಾನೇ.

ಮೇಷ್ಟ್ರಿಗೆ ಕೈ ಮುಗಿದ. ಗಂಟೆಯಿಂದ ಶುರು ಮಾಡಿ ಎಂದ. ಮೇಷ್ಟ್ರು ಅವನಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದರು. ಅಲ್ಲಿಂದ ಚಾಪೆಗೆ ಓಡಿದ. ಷೆಡ್ಡಿನಲ್ಲಿ ಸೆಕೆ, ಹೊರಗೆ ಚಹಾ ಕುಡಿದು ಬರೋಣವೆಂದ. ದುರ್ಗಮ್ಮ ಚಹಾ ಒಲ್ಲೆ ಎಂದಳು. ನಾಲ್ಕರ ಬಸ್ಸಿಗೆ ಹೋದರೆ ಸೀಟು ಸಿಗುತ್ತದೆ ಎಂದ. ನಿಂತು ಹೋಗುತ್ತೇನೆ ಎಂದಳು. ಮೈಕಿನವ ಹೊರಟು ಹೋಗು ಎಂದು ಬೇಡುವ ಮೊದಲ ನಾಟಕ ಇದೇ ಇರಬೇಕು ಎಂದು ಪಕ್ಕದಲ್ಲಿದ್ದ ಬಳೆ ಅಂಗಡಿ ವಲೀಸಾಬ್ ಚುಚ್ಚಿದ. ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಸೀಟಿ ಕೇಳಿತು.

ಅಮೀರ್ ಜಾನ್ ತೊಟ್ಟಿಲಿನ ಮುಖದ ಮೇಲೆ ಪ್ಲೇಯರಿನ ಮುಳ್ಳು ಇಟ್ಟ.

ಹಾಡಿಗೆ ಪರದೆ ಎದ್ದಿತು. ಶಾಲಾ ಟೀಚರ್ ರಾಧಮ್ಮ ತಾಯಿಯಾಗಿ ತೊಟ್ಟಿಲು ತೂಗಿದಳು. ಶಿಕಾರಿಪುರದವರ ಸಾಲಿನಲ್ಲಿ ಗುಸುಗುಸು ಎದ್ದಿತು. ಅವರೆಲ್ಲ ಅಮೀರ್ ಜಾನನ ಅಂಗಡಿಯ ಮುಂದೆ ಎಂಟು ವರ್ಷ ಓಡಾಡಿದವರು. ದುರ್ಗಮ್ಮ ಗಂಟು ಬಿಚ್ಚಲಿಲ್ಲ. ಹುಬ್ಬು ಗಂಟಿಕ್ಕಿ ರಂಗವನ್ನಲ್ಲ, ಅಮೀರ್ ಜಾನನನ್ನು ನೋಡಿದಳು. ಅವನು ಬ್ಯಾಟರಿಯ ಹಿಂದೆ ಎಷ್ಟು ಸಣ್ಣಗೆ ಕೂತನೆಂದರೆ ಅದರ ಡಬ್ಬಿಯೊಳಗೇ ಸೇರಿಕೊಳ್ಳಬಹುದಿತ್ತು.

ಎರಡನೇ ಅಂಕಕ್ಕೆ ಡೋಲು. ಮಗನ ಪಾತ್ರದ ಕುಪ್ಪಗಡ್ಡೆಯ ಹುಲಿಯಪ್ಪ ಕುಣಿಯುತ್ತ ಬಂದ. ಹುಲಿಯಪ್ಪ ಎಂದರೆ ಭತ್ತದ ಕಣಜಕ್ಕೆ ಮೀಸೆ ಬರೆದಂಥ ಆಳು. ಅವನು ಕುಣಿದಾಗ ಗಿರಣಿಯ ತೊಲೆಗಳಿಂದ ಇಪ್ಪತ್ತು ವರ್ಷದ ಹಿಂದಿನ ತೌಡು ಉದುರಿತು. ಜನ ನಕ್ಕರು. ಅಮೀರ್ ಜಾನನ ಕಣ್ಣು ತಂತಿಯ ಮೇಲಿತ್ತು. ಒಂದು ತಂತಿ ಕಿತ್ತರೆ ಸಾಕು. ರಿಪೇರಿ ಆಗುವುದರೊಳಗೆ ಬಸ್ಸಿನ ಹೊತ್ತಾಗುತ್ತದೆ. ಕೈ ಹೋಯಿತು, ತಂತಿ ಹಿಡಿಯಿತು, ಹಾಗೇ ನಿಂತಿತು. ಇಪ್ಪತ್ತು ವರ್ಷದಲ್ಲಿ ಎಷ್ಟು ಮದುವೆ ಮುರಿದಿವೆಯೋ, ಅವನ ಸೆಟ್ಟು ಒಮ್ಮೆಯೂ ಮುರಿದಿರಲಿಲ್ಲ.

ಮೂರನೇ ಅಂಕಕ್ಕೆ ಫಿರಂಗಿ. ಆ ಸದ್ದು ಕೇಳುತ್ತಲೇ ಹುಲಿಯಪ್ಪ ಮರದ ಬಂದೂಕು ಎತ್ತಿ ನುಗ್ಗಿದ, ಹಾಡಿದ, ಬಡಿದಾಡಿದ, ಧೊಪ್ಪನೆ ಬಿದ್ದ. ಈ ಸಲ ಯಾರೂ ನಗಲಿಲ್ಲ. ದುರ್ಗಮ್ಮನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಗಂಟಿನ ಮೇಲಿದ್ದ ಬೆರಳುಗಳು ಮಾತ್ರ ಬಿಗಿಯಾಗಿದ್ದವು.

ರಾಧಮ್ಮ ಬಿಳಿ ಸೀರೆಯುಟ್ಟು ನಡುರಂಗಕ್ಕೆ ಬಂದು ನಿಂತಳು. ಗಂಟೆ ಕೇಳಿಸಬೇಕು, ಆಮೇಲೆ ಅವಳು ಕುಸಿಯಬೇಕು. ಅಮೀರ್ ಜಾನ್ ತಟ್ಟೆ ಮಗುಚಿದ. ಗಂಟೆಯ ಚಿತ್ರ ಮೇಲೆ ಬಂತು. ಎರಡು ಬೆರಳಲ್ಲಿ ಮುಳ್ಳಿನ ತೋಳು ಹಿಡಿದ. ತೋಳು ತಟ್ಟೆಯ ಮೇಲೆ ಒಂದು ಬೆರಳು ಎತ್ತರದಲ್ಲೇ ನಿಂತಿತು. ರಾಧಮ್ಮ ಕಣ್ಣು ಹೊರಳಿಸಿ ಅವನ ಕಡೆ ನೋಡಿದಳು. ಮೇಷ್ಟ್ರು ಎದುರು ಪಕ್ಕದಿಂದ ಕೈ ಬೀಸಿದರು, ಆಮೇಲೆ ಮುಷ್ಟಿ ತೋರಿಸಿದರು. ತಟ್ಟೆ ಸುಮ್ಮನೆ ತಿರುಗುತ್ತಿತ್ತು. ತಟ್ಟೆಯನ್ನು ಎತ್ತಿ ಮೊಣಕಾಲಿಗೆ ಹೊಡೆದರೆ ಎರಡು ಹೋಳು. ಎಂಟು ವರ್ಷದ ಪ್ರೀತಿಗೆ ಒಂದು ಏಟು.

ಆಗ ಅವನು ತಲೆಯೆತ್ತಿ ನೋಡಿದ. ದುರ್ಗಮ್ಮ ಅವನನ್ನೇ ನೋಡುತ್ತಿದ್ದಳು. ಅಂಗಡಿಯಲ್ಲಿ ಕೂತು, ಬುಟ್ಟಿ ಇಳಿಸಿ, ಇನ್ನು ಹಚ್ಚು ಎಂದು ತಲೆಯಾಡಿಸುತ್ತಿದ್ದಳಲ್ಲ, ಹಾಗೇ ತಲೆಯಾಡಿಸಿದಳು.

ಮುಳ್ಳು ಇಳಿಯಿತು. ಗಂಟೆ ಬಾರಿಸಿತು. ದೂರದೇಶದ ಹೆಣ್ಣಿನ ಗೋಳು ಎರಡು ಹಾರ್ನುಗಳಿಂದ ಹೊರಟು ಗಿರಣಿಯ ತಗಡನ್ನು ಅದುರಿಸಿತು. ರಾಧಮ್ಮ ಕುಸಿದಳು. ಪರದೆ ಬಿತ್ತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಜನ, ಎರಡೇ ತಾಸಿಗೆ ಮುಗಿಯುವುದೂ ಒಂದು ನಾಟಕವೇ ಎಂದು ಗೊಣಗುತ್ತ ಚಪ್ಪಲಿ ಹುಡುಕತೊಡಗಿದರು.

ದುರ್ಗಮ್ಮ ಎದ್ದು ನಿಂತು ಹಿಂದಕ್ಕೆ ತಿರುಗಿದಳು.

"ಎಲ್ಲಿಗೆ ಹೊಂಟ್ರಿ? ಕುಂದರ್ರಿ. ಈಗ ಗಂಟಿ ಆಗೈತಿ. ಆಟ ಈಗ ಶುರು."

ಸಂತೆಯಲ್ಲಿ ಮೂವತ್ತು ವರ್ಷ ಹೀರೆಕಾಯಿ ಕೂಗಿದ ಗಂಟಲು. ಅಮೀರ್ ಜಾನನ ಹಾರ್ನು ಅದರ ಮುಂದೆ ಪೀಪಿ. ಶಿಕಾರಿಪುರದವರು ಮೊದಲು ಕೂತರು, ಅವರಿಗೆ ಕ್ರಮ ಗೊತ್ತಿತ್ತು. ಅವರು ಕೂತದ್ದನ್ನು ನೋಡಿ ಸೊರಬದವರು ಕೂತರು. ಬೆಳತನಕ ಬಯಲಾಟ ನೋಡಿ ಹಾಗೇ ಗದ್ದೆಗಿಳಿಯುವ ಜನಕ್ಕೆ ಇನ್ನೊಂದು ತಾಸು ಯಾವ ಲೆಕ್ಕ?

ಅಮೀರ್ ಜಾನ್ ಚೀಟಿಯನ್ನು ಬ್ಯಾಟರಿಯ ಕೆಳಗೆ ತುರುಕಿ, ತಟ್ಟೆ ಮಗುಚಿ ಫಿರಂಗಿಯ ಮೇಲೆ ಮುಳ್ಳು ಇಟ್ಟ.

ಪರದೆಯ ಹಿಂದೆ ಹುಲಿಯಪ್ಪ ಒಂದು ಕಾಲಿನ ಬೂಟು ಬಿಚ್ಚಿ ಬೀಡಿ ಹಚ್ಚುತ್ತಿದ್ದ. ತಾಲೀಮಿನಲ್ಲಿ ಡಬ್ಬ ಬಡಿದೇ ಫಿರಂಗಿ ಮಾಡಿ, ಸದ್ದು ಕೇಳಿದ ಕೂಡಲೇ ಏಳಬೇಕೆಂದು ಒಂದು ತಿಂಗಳು ಮೇಷ್ಟ್ರು ತಿದ್ದಿದ ದೇಹ. ಬೀಡಿ ಬಿಸಾಕಿ, ಬಂದೂಕು ಎತ್ತಿ, ಒಂಟಿ ಬೂಟಿನಲ್ಲಿ ರಂಗಕ್ಕೆ ನುಗ್ಗಿಯೇಬಿಟ್ಟ. ಹಗ್ಗದವನೂ ಅದೇ ಅಭ್ಯಾಸದಲ್ಲಿ ಪರದೆ ಎತ್ತಿದ. ಈಗಷ್ಟೇ ಸತ್ತವನು ಎದ್ದು ಬಡಿದಾಡುವುದನ್ನು ಕಂಡು ಷೆಡ್ಡು ಸೀಟಿ ಹೊಡೆಯಿತು. ಆ ಸೀಟಿ ಕೇಳಿದ ಮೇಲೆ ಹುಲಿಯಪ್ಪನನ್ನು ಎಷ್ಟು ಫಿರಂಗಿ ತಂದು ಹೊಡೆದರೂ ಬೀಳಿಸುವುದು ಸಾಧ್ಯವಿರಲಿಲ್ಲ, ಬೀಳುವುದನ್ನೇ ಮರೆತ.

ಮೇಷ್ಟ್ರು ಓಡಿ ಬಂದು ತಂತಿಗೆ ಕೈ ಹಾಕಿದರು. "ರೀ, ಏನು ಮಾಡ್ತಿದೀರಿ? ಬರೆದವ್ರಿಗೆ ದ್ರೋಹ ಇದು."

ಅಮೀರ್ ಜಾನ್ ಅವರ ಕೈಯನ್ನು ಮೆತ್ತಗೆ ತೆಗೆದು ಪಕ್ಕಕ್ಕಿಟ್ಟ. "ನಾನು ಓದಿದ್ದು ಹಿಂಗೇ ಮೇಷ್ಟ್ರೇ. ನಿಮ್ದು ಆಯ್ತು. ಈಗ ನಮ್ದು ಆಗ್ಲಿ."

ಡೋಲಿನ ಮುಖಕ್ಕೆ ಇಡೀ ತಂಡ ಕುಣಿಯಿತು. ರಾಧಮ್ಮ ಬಿಳಿ ಸೀರೆಯ ಮೇಲೇ ಹಸಿರು ಸೀರೆ ಸುತ್ತಿಕೊಂಡು ಬಂದಿದ್ದಳು. ಮೂರನೇ ಮುಖ, ಮಗ ಬಂದ. ದುರ್ಗಮ್ಮ ಮಿಸುಕದೆ ನೋಡಿದಳು. ತೊಟ್ಟಿಲಿನ ಹಾಡು ಶುರುವಾದಾಗ ಎದ್ದು, ರಂಗದ ಮೆಟ್ಟಿಲು ಹತ್ತಿ, ಗಂಟು ಬಿಚ್ಚಿ, ತೊಟ್ಟಿಲಲ್ಲಿ ಮಲಗಿದ್ದ ಬಟ್ಟೆಯ ಗೊಂಬೆಗೆ ಕೆಂಪು ಕುಲಾವಿ ತೊಡಿಸಿ ಇಳಿದು ಬಂದಳು. ಕೂಸು ನಕ್ಕಿತು. ಅಮೀರ್ ಜಾನ್ ಮುಳ್ಳು ಎತ್ತಿದ. ಅಂಗಿ ಎಷ್ಟು ಒದ್ದೆಯಾಗಿತ್ತೆಂದರೆ ಹಿಂಡಿದ್ದರೆ ಶಿಕಾರಿಪುರದ ಹುಚ್ಚರಾಯನ ಕೆರೆ ಕೋಡಿ ಬೀಳುತ್ತಿತ್ತು.

ವಾಪಸು ಬಸ್ಸಿನಲ್ಲಿ ಅವನು ದುರ್ಗಮ್ಮನ ಪಕ್ಕದಲ್ಲಿ ಕೂತ. ಶಿರಾಳಕೊಪ್ಪ ಹತ್ತಿರವಾಗುವವರೆಗೂ ತಡೆದು, ಕಡೆಗೆ ಹೇಳಿದ: ತಾನು ಪುಸ್ತಕ ತಪ್ಪು ಕಡೆಯಿಂದ ತೆರೆದಿದ್ದೆ, ಮೇಷ್ಟ್ರು ಮೊದಲು ಆಡಿಸಿದ್ದೇ ಅಸಲು.

"ಗೊತ್ತೈತಿ ಬಿಡು," ಎಂದಳು. "ಎರಡನೇ ಕಾಗದ ಬಂದು ಐದು ವರ್ಷ ಆತು. ಕೆಂಪಪ್ಪ ತೀರಿಹೋಗ್ಯಾನಂತ ಬರ್ದಿತ್ತು."

ಅಮೀರ್ ಜಾನ್ ಅವಳ ಕಡೆಗೆ ಪೂರಾ ತಿರುಗಿ ಕೂತ. "ಮತ್ತೆ ಐದು ವರ್ಷ ಯಾಕೆ ಬರ್ತಿದ್ದಿ ಅವ್ವಾ?"

"ಕಾಗದ ಗಂಟಿ ತನಕ ಅಷ್ಟೇ ಹೇಳತೈತಿ. ಮುಂದಿಂದು ನಿನ್ನ ಅಂಗಡ್ಯಾಗ ಅಲ್ಲೇನು ಇರೋದು?"

ಬಸ್ಸು ನಿಂತಿತು. ಅವಳು ಸೆರಗು ಸರಿಮಾಡಿಕೊಂಡು ಇಳಿದಳು. ಇಳಿದವಳು ಕಿಟಕಿಯ ಹತ್ತಿರ ಬಂದು, ಸಂತೆಗೆ ಈ ವಾರ ಹೀರೆಕಾಯಿ ಇಲ್ಲ, ಬೆಂಡೆಕಾಯಿ ತರುತ್ತೇನೆ, ಕುಬ್ರಾ ಬೀಗೆ ಹೇಳು ಎಂದಳು.

ಅಮೀರ್ ಜಾನ್ ಆ ಪುಸ್ತಕವನ್ನು ಮೇಷ್ಟ್ರಿಂದ ವಾಪಸು ತಂದು ಅಂಗಡಿಯಲ್ಲಿಟ್ಟ. ಎಡಗಡೆಯಿಂದ ಇನ್ನು ಯಾರೂ ತೆರೆಯದಂತೆ ಆ ಕಡೆಯ ರಟ್ಟಿನ ಅಂಚಿಗೆ ಉದ್ದಕ್ಕೂ ಸಣ್ಣಗೆ ತವರದ ಬೆಸುಗೆ ಹಾಕಿದ್ದನೆಂದು ವಲೀಸಾಬ್ ಹೇಳುತ್ತಿದ್ದ. ಕಾಗದಕ್ಕೆ ತವರ ಹತ್ತುತ್ತದೆಯೇ ಎಂದು ಕೇಳಿದರೆ, ಅಮೀರ್ ಜಾನ್ ಹಚ್ಚಿದರೆ ನೀರಿಗೂ ಹತ್ತುತ್ತಿತ್ತು ಎಂದು ಆಣೆ ಮಾಡುತ್ತಿದ್ದ.